ಒದ್ದೆ ಕೈ

ಡ್ಯೂಟಿಗೆ ಹೊರಡುವ ಮುಂಚೆ ಸಿಂಚನ ಡೈರಿಯಲ್ಲಿ ಒಂದೇ ಸಾಲು ಬರೆದಳು...

"ಕೈಗೆ ಕೆಲಸ ಬರುತ್ತೆ. ತಪ್ಪಾದರೆ ಹೇಳೋಕೆ ಬಾಯಿ ಬರುತ್ತಾ?"

ನರ್ಸಿಂಗ್ ಡಿಗ್ರಿ ಮುಗಿಸಿ ಆಸ್ಪತ್ರೆಗೆ ಸೇರಿ ಹನ್ನೆರಡು ದಿನ. ವಾರ್ಡಿನಲ್ಲಿ ಅವಳ ದನಿ ಕೇಳಿದವರೇ ಕಡಿಮೆ.

"ಏನಮ್ಮಾ, ಮಾತನ್ನ ಹಾಸ್ಟೆಲಲ್ಲೇ ಬಿಟ್ಟು ಬಂದ್ಯಾ?" ಹಿರಿಯ ನರ್ಸ್ ಪುಷ್ಪಾವತಿ ಸಿಸ್ಟರ್ ದಿನಾ ಛೇಡಿಸುತ್ತಿದ್ದರು. "ಬೇಗ ಬೇಗ... ಇನ್ನೂ ಹನ್ನೊಂದು ಡ್ರೆಸ್ಸಿಂಗ್ ಇದೆ!"

ಅವತ್ತು ಹೊಟ್ಟೆ ಆಪರೇಷನ್ ಆಗಿದ್ದ ಬೆಟ್ಟಯ್ಯನ ಸರದಿ. ಸಿಸ್ಟರ್ ಗಾಯ ಒರೆಸುತ್ತಿದ್ದರು. ಸಿಂಚನ ಗ್ಲೌಸ್ ತೊಟ್ಟು, ಕೈ ಬೇರೆಲ್ಲೂ ತಾಗದಂತೆ, ಕ್ರಿಮಿಯಿಲ್ಲದಂತೆ ಶುದ್ಧ ಮಾಡಿಟ್ಟ ಬಟ್ಟೆ ಕೊಡಬೇಕು... ಅಷ್ಟೇ.

ತಿರುಗುವಾಗ ಅವಳ ಬೆರಳು ಮಂಚದ ಕಂಬಿಗೆ ತಾಗಿತು.

ಗಮನಕ್ಕೆ ಬರುವಷ್ಟರಲ್ಲಿ ಅದೇ ಕೈ ಟ್ರೇಗೆ ಹೋಗಿ ಬಟ್ಟೆ ಎತ್ತಿಯಾಗಿತ್ತು...

ಯಾರೂ ನೋಡಿರಲಿಲ್ಲ.

ಬೆಟ್ಟಯ್ಯನ ಹೆಂಡತಿ ಚಿಕ್ಕತಾಯಮ್ಮ ದೂರದಲ್ಲಿ, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

"ಯಾಕಮ್ಮಾ, ಚಳೀನಾ?" ಸಿಸ್ಟರ್ ಕೇಳಿದರು.

"ಇಲ್ಲ ಸಿಸ್ಟರಮ್ಮ... ಗಾಯದ ಹತ್ರ ಕೈ ತರಬೇಡ ಅಂತ ನಿನ್ನೆ ನೀವೇ ಬೈದ್ರಲ್ಲ. ನನ್ನ ಕೈಯಿಂದ ಇವ್ರಿಗೇನಾದ್ರೂ ಆದ್ರೆ?"

ನನ್ನ ಕೈಯಿಂದ...

ಸಿಂಚನಳಿಗೆ ಒಂಬತ್ತನೇ ವಯಸ್ಸಿನ ಬೇಸಿಗೆ ರಜೆ ನೆನಪಾಯಿತು. ಅಜ್ಜಿಯ ಅಡುಗೆಮನೆ... ಇಂಗು, ಸಾಸಿವೆಯ ಘಮ... ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಮಾವಿನಕಾಯಿ ಉಪ್ಪಿನಕಾಯಿ ಜಾಡಿ.

ಅಜ್ಜಿ ಜಾಡಿಯನ್ನು ಮೂರು ದಿನ ಬಿಸಿಲಿಗಿಡುತ್ತಿದ್ದಳು. ಕೈ ಒರೆಸಿ, ಮತ್ತೊಮ್ಮೆ ಒರೆಸಿ, ಆಮೇಲೇ ಮುಟ್ಟುತ್ತಿದ್ದಳು. "ಒದ್ದೆ ಕೈ ಹಾಕ್ಬೇಡ ಮಗಾ... ಜಾಡಿಯೆಲ್ಲ ಕೆಟ್ಟುಹೋಗುತ್ತೆ."

ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ, ನಲ್ಲಿಯಲ್ಲಿ ಆಗಷ್ಟೇ ತೊಳೆದ ಕೈಯನ್ನು ಸಿಂಚನ ಜಾಡಿಗೆ ಹಾಕಿದ್ದಳು. ಯಾರಿಗೂ ಹೇಳಲಿಲ್ಲ.

ತಿಂಗಳಲ್ಲಿ ಜಾಡಿಯೆಲ್ಲ ಬೂಷ್ಟು!

ಅಜ್ಜಿ ಯಾರನ್ನೂ ಕೇಳಲಿಲ್ಲ. ತನ್ನ ಎರಡು ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು...

"ನನ್ನ ಕೈಗೇ ವಯಸ್ಸಾಯ್ತು ಬಿಡು. ಸರಿಯಾಗಿ ಒರೆಸಿರ್ಲಿಲ್ಲ ಅನ್ಸುತ್ತೆ."

ಆಮೇಲೆ ಅಜ್ಜಿ ಉಪ್ಪಿನಕಾಯಿ ಹಾಕಲೇ ಇಲ್ಲ.

ಅಜ್ಜಿ ಹೋಗಿ ಆರು ವರ್ಷವಾಯಿತು. ಹೇಳಬೇಕಿದ್ದ ಮಾತು ಇನ್ನೂ ಸಿಂಚನಳ ಗಂಟಲಲ್ಲೇ ಇದೆ...

"ಏಯ್ ಸಿಂಚನಾ, ಎಲ್ಲಿದ್ದೀಯಾ? ಬಟ್ಟೆ ಕೊಡೇ!" ಸಿಸ್ಟರ್ ಚಿಮಟ ಚಾಚಿದರು.

ಕೊಟ್ಟುಬಿಟ್ಟರೆ ಮುಗಿಯಿತು. ನಾಳೆ ಗಾಯದಲ್ಲಿ ಕೀವಾದರೂ ಇವಳನ್ನು ಯಾರೂ ಕೇಳುವುದಿಲ್ಲ. ಬೆಟ್ಟಯ್ಯ ನರಳುತ್ತಾನೆ... ಚಿಕ್ಕತಾಯಮ್ಮ ಸೆರಗಿನೊಳಗಿನ ಆ ಎರಡು ಕೈಗಳನ್ನು ಹೊರಗೆ ತೆಗೆದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ.

ಸಿಂಚನ ಕೈ ಹಿಂದಕ್ಕೆಳೆದುಕೊಂಡಳು. ಕಣ್ಣು ತುಂಬಿ ಸಿಸ್ಟರ್ ಮುಖ ಕೂಡ ಸರಿಯಾಗಿ ಕಾಣಿಸುತ್ತಿರಲಿಲ್ಲ.

ದನಿ ಮಾತ್ರ ಇಡೀ ವಾರ್ಡಿಗೆ ಕೇಳಿಸಿತು...

"ತಡೀರಿ ಸಿಸ್ಟರ್! ಕಂಬಿ ಮುಟ್ಟಿದ ಕೈಯನ್ನೇ ಟ್ರೇಗೆ ಹಾಕ್ಬಿಟ್ಟೆ. ತಪ್ಪು ನಂದು!"

ನಾವು ಹೇಳದೆ ನುಂಗಿಕೊಂಡ ತಪ್ಪನ್ನು, ತಪ್ಪೇ ಮಾಡದ ಯಾರೋ ಒಬ್ಬರು ಜೀವನವಿಡೀ ಹೊರುತ್ತಾರೆ.

ನಿಮ್ಮ ತಪ್ಪಿಗೆ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡವರು ಯಾರಾದರೂ ಇದ್ದಾರಾ...? ಅವರು ಇರುವಾಗಲೇ ಹೇಳಿಬಿಡ್ತೀರಾ?