ಮರಳುಗಾಡಿನ ಒಂದು ಕೊಡ ನೀರು

ಬೀರ ಹಗ್ಗಕ್ಕೆ ಕೈ ಹಾಕಿದ. ಬಾವಿಯ ಸುತ್ತ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು.

ಹಿಂದೆ ನಿಂತಿದ್ದ ಮೂವರು ಗೆಳೆಯರಲ್ಲಿ ಇಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. ಯಾರಾದರೂ ಜಾತಿ ಕೇಳಿದರೆ ಮುಗಿಯಿತು. ಮರಳಲ್ಲಿ ಓಡಲಿಕ್ಕೂ ಬರುವುದಿಲ್ಲ ಎಂಬುದು ಮೂರು ದಿನಗಳಿಂದ ಎಲ್ಲರಿಗೂ ಗೊತ್ತಿತ್ತು.

ಅದು ೧೯೬೪ರ ಡಿಸೆಂಬರ್. ನಾಲ್ವರೂ ಸಿರ್ಸಿಯ ಓದುಗರ ಬಳಗದವರು. ದಾಸನಕೊಪ್ಪದ ಬಟ್ಟೆ ಅಂಗಡಿಯ ಚಂದ್ರಶೇಖರಪ್ಪ ಬಳಗದ ಮುಂದಾಳು, ಮಾತಿನ ಮಲ್ಲ. ಮಧುಕೇಶ್ವರ ಶಾಲೆ ಮಾಸ್ತರ. ಹನೀಫ್ ಲಾರಿ ಡ್ರೈವರ್. ಹಿಂದೂಸ್ತಾನಿ ಬಲ್ಲವನು ಅವನೊಬ್ಬನೇ. ಬೀರ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಮನೆ ದಾಸನಕೊಪ್ಪದ ಊರಾಚೆಯ ಕೇರಿಯಲ್ಲಿ. ಮನುಷ್ಯರೆಲ್ಲ ಒಂದೇ ಎಂಬ ಸಾಲನ್ನು ಅವನು ಎಷ್ಟೋ ಸಲ ಮೊಳೆಯಲ್ಲಿ ಜೋಡಿಸಿದ್ದ. ಬಾವಿಯ ಹಗ್ಗವನ್ನು ಮಾತ್ರ ಹುಟ್ಟಿದಂದಿನಿಂದ ಮುಟ್ಟಿರಲಿಲ್ಲ. ಯಾರಾದರೂ ಮೇಲಿನಿಂದ ಸುರಿಯಬೇಕು, ಅಲ್ಲಿಯವರೆಗೆ ಕೊಡ ಹಿಡಿದು ನಿಂತಿರಬೇಕು.

ಹನೀಫನ ಅಡಿಕೆ ಲಾರಿ ಅಹಮದಾಬಾದಿಗೆ ಹೊರಟಿತ್ತು. ಅಲ್ಲಿಂದ ಎರಡು ರೈಲು ಬದಲಿಸಿದರೆ ಮರಳುಗಾಡು. ನೋಡಿಯೇ ಬಿಡೋಣ ಎಂದು ನಾಲ್ವರೂ ಹತ್ತಿದರು. ಯಲ್ಲಾಪುರದಲ್ಲಿ ಚಹಕ್ಕೆ ನಿಂತಾಗ, ಇವರ ಗುರುತಿದ್ದ ಅಂಗಡಿಯವನು ಮೂವರಿಗೆ ಗಾಜಿನ ಲೋಟ ಕೊಟ್ಟ. ಬೀರನಿಗೆ ಹೊರಗೆ ತೂಗುಹಾಕಿದ್ದ ಡಬ್ಬಿ ತೋರಿಸಿದ. ಅಸ್ಪೃಶ್ಯತೆ ಅಪರಾಧವೆಂಬ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು. ಡಬ್ಬಿಗೆ ಸುದ್ದಿ ಮುಟ್ಟಿರಲಿಲ್ಲ.

ಚಂದ್ರಶೇಖರಪ್ಪ ಅಲ್ಲೇ ಭಾಷಣ ಶುರು ಮಾಡಿದ. ಬೀರ ಡಬ್ಬಿಯನ್ನು ಮುಟ್ಟಲೂ ಇಲ್ಲ.

“ಅದಿರಲಿ ಚಂದ್ರಣ್ಣಾರ, ನಿಮ್ಮ ಮನೀ ಬಾವಿಗೆ ನಾ ಎಂದು ಬರ್ಲಿ?”

ಭಾಷಣ ನಿಂತಿತು. ಅವ್ವ ಹಳೇ ಕಾಲದವಳು, ಜನ ಇನ್ನೂ ತಯಾರಾಗಿಲ್ಲ ಎಂದು ಅವನು ತಡವರಿಸಿದ. ಮಧುಕೇಶ್ವರ ನಕ್ಕುಬಿಟ್ಟ. ಆ ನಗೆ ಚುಚ್ಚಿತೇನೋ, ಚಂದ್ರಶೇಖರಪ್ಪ ಎದೆ ಉಬ್ಬಿಸಿದ.

“ಲೇ ಬೀರ್ಯಾ, ಈ ದೇಶದಾಗ ಯಾವುದಾರ ಒಂದು ಊರು, ಮಂದಿ ನೋಡ್ತಿರುವಾಗ ನಿನ್ನ ಕೈಲೆ ನೀರು ಸೇದಾಕ ಬಿಡ್ಲಿ. ಮನಿಗೆ ಹೋದ ಮರುದಿನ ನಮ್ಮ ಬಾವಿ ನಿಂದು.”

ಅಂಥ ಊರು ಸಿಗುವುದಿಲ್ಲ ಎಂಬ ಭರವಸೆ ಅವನಿಗಿತ್ತು. ಮಧುಕೇಶ್ವರ ಸಾಕ್ಷಿಯಾದ.

ಮರಳುಗಾಡು ಮುಟ್ಟಿದ ಮೇಲೆ ಮೂರು ದಿನ ಮಜವೇ ಮಜ. ಹಳದಿ ಕಲ್ಲಿನ ಕೋಟೆ ನೋಡಿದರು. ಮರಳ ದಿಬ್ಬ ಹತ್ತಿದರು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಮಧುಕೇಶ್ವರ ಸಿರ್ಸಿಯಿಂದ ಕೊಡೆ ತಂದಿದ್ದ. ಅದನ್ನು ನೋಡಿ ಅಲ್ಲಿಯ ಕುರಿಗಾಹಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಯ್ದ ಎಲೆ ಒಣಗಿ ಪುಡಿಯಾಗಿ, ನಾಲ್ವರೂ ಬರೀ ಅಡಿಕೆ ಜಗಿದರು. ಚಂದ್ರಶೇಖರಪ್ಪ ಒಂಟೆಯಿಂದ ಎರಡು ಸಲ ಬಿದ್ದ. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ತಿನ್ನುವಾಗ ಬೀರನಿಗೆ ದಾಸನಕೊಪ್ಪ ಮರೆತೇಹೋಗುತ್ತಿತ್ತು. ಬಾವಿ ಮಾತ್ರ ಮರೆಯುತ್ತಿರಲಿಲ್ಲ.

ನಾಲ್ಕನೆಯ ದಿನ ನೀರು ಮುಗಿಯಿತು. ದೂರದಲ್ಲೊಂದು ಸಣ್ಣ ಊರು, ಗುಡಿಯ ಬಿಳಿ ಶಿಖರ. ಬಾಡಿಗೆ ಒಂಟೆಗಳ ಜೊತೆ ದಾರಿ ತೋರಿಸುತ್ತ ಬಂದಿದ್ದ ಒಂಟೆಯವನು ಒಮ್ಮೆಗೇ ನಿಂತು ಜಾತಿ ಕೇಳಿದ. ಜಾತಿ ಹೇಳುವುದಿಲ್ಲವೆಂದು ಬಳಗದಲ್ಲಿ ಆಣೆಯಾಗಿತ್ತು. ಮನುಷ್ಯರು ಅಂತ ಹೇಳು ಎಂದ ಚಂದ್ರಶೇಖರಪ್ಪ. ಹನೀಫ್ ಹಾಗೇ ಹೇಳಿದ. ಒಂಟೆಯವನು ತಲೆ ಕೆರೆದುಕೊಂಡು ಬೇರೇನೋ ಕೇಳಿದ.

“ನಿಮ್ಮಾಗ ಹೆಣ ಸುಡ್ತೀರೋ ಹೂಳ್ತೀರೋ ಅಂತ ಕೇಳಾಕಹತ್ಯಾನ,” ಎಂದ ಹನೀಫ್.

ಇದಕ್ಕೆ ಆಣೆ ಇರಲಿಲ್ಲ. ಮಧುಕೇಶ್ವರನೊಳಗಿನ ಮಾಸ್ತರ ಎದ್ದ. ನಮ್ಮಲ್ಲಿ ಸುಡುವುದಿಲ್ಲ, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುತ್ತೇವೆ ಎಂದು ವಿಸ್ತಾರವಾಗಿ ವಿವರಿಸಿದ. ಚಂದ್ರಶೇಖರಪ್ಪ ಹೆಮ್ಮೆಯಿಂದ ತಲೆದೂಗಿದ. ನಮ್ಮಲ್ಲೂ ಮಣ್ಣೇ ಎಂದ ಬೀರ. ಹನೀಫನದಂತೂ ಕೇಳುವುದೇ ಬೇಡ.

ಒಂಟೆಯವನು ಸ್ವಲ್ಪ ಉದ್ದಕ್ಕೇ ಮಾತಾಡಿದ. ನೀರು ತೋರಿಸುತ್ತಾನಂತೆ ಎಂದಷ್ಟೇ ಹೇಳಿದ ಹನೀಫ್. ಒಂಟೆಗಳು ದಿಬ್ಬ ಬಳಸಿ ಎಡಕ್ಕೆ ತಿರುಗಿದವು. ಬೀರ ಹಿಂದುಳಿದು ಹನೀಫನನ್ನು ಏನೋ ಕೇಳಿದ. ಆಮೇಲೆ ಅವನ ನಡಿಗೆ ಚುರುಕಾಯಿತು. ಬಾವಿ ಕಂಡಾಗ ಎಲ್ಲರಿಗಿಂತ ಮುಂದೆ ಅವನೇ ಇದ್ದ.

ಈಗ ಹಗ್ಗ ಅವನ ಕೈಯಲ್ಲಿತ್ತು. ಮುದುಕಿಯೊಬ್ಬಳು ಮುಂದೆ ಬಂದಳು. ಚಂದ್ರಶೇಖರಪ್ಪ ಕಣ್ಣು ಮುಚ್ಚಿದ. ಮುದುಕಿ ಬೀರನ ಬೆರಳು ಬಿಡಿಸಿ, ಹಗ್ಗ ಹಿಡಿಯುವ ಬಗೆ ತೋರಿಸಿ ನಕ್ಕಳು.

ಕೊಡ ಮೇಲೆ ಬಂತು. ಬೀರ ಮೂವರ ಬೊಗಸೆಗೂ ಸುರಿದ. ಚಂದ್ರಶೇಖರಪ್ಪ ಮೂರು ಬೊಗಸೆ ಕುಡಿದು, ಇಲ್ಲಿಯ ಜನರನ್ನು ನೋಡಿ ನಾಡು ಕಲಿಯಬೇಕು ಎಂದು ಘೋಷಿಸಿದ. ಒಂಟೆಯವನು ದೂರದ ಜಾಲಿಮರದ ಕೆಳಗೇ ಕೂತಿದ್ದ.

ದಾಸನಕೊಪ್ಪಕ್ಕೆ ಬಂದ ಮರುದಿನ ನಾಲ್ವರೂ ಚಂದ್ರಶೇಖರಪ್ಪನ ಹಿತ್ತಲಲ್ಲಿದ್ದರು. ಮಧುಕೇಶ್ವರ ಆಗಲೇ ಬಳಗಕ್ಕೆಲ್ಲ ಸುದ್ದಿ ಹಬ್ಬಿಸಿದ್ದ, ಮಾತು ನುಂಗುವಂತಿರಲಿಲ್ಲ. ಗೋಡೆಯಾಚೆ ನೆರೆಯವರ ತಲೆಗಳು ಸಾಲಾಗಿ ಕಂಡವು. ತಾಯಿ ಗಿರಿಜವ್ವ ಸೆರಗು ಬಿಗಿದು ಬಾಗಿಲಲ್ಲಿ ನಿಂತಿದ್ದಳು. ಬೀರ ಹಗ್ಗ ಬಿಟ್ಟ, ಎಳೆದ. ಈ ಸಲ ಬೆರಳು ತಡವರಿಸಲಿಲ್ಲ. ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು ನಿಧಾನವಾಗಿ ಕುಡಿದ.

ಗಿರಿಜವ್ವ ಕೊನೆಗೆ ಬಾಯಿ ತೆರೆದಳು. “ಏನಪಾ ಹನೀಫ್, ಮಾತು ತಿಳಿದಾಂವ ನೀನು. ಆ ಊರಾಗ ಯಾರೂ ಏನೂ ಅನಲಿಲ್ಲೇನು?”

ಹನೀಫ್ ಬೀರನ ಮುಖ ನೋಡಿದ.

“ಹೇಳೋ,” ಎಂದ ಬೀರ, ಬಾಯಿ ಒರೆಸಿಕೊಳ್ಳುತ್ತ. “ನೀರು ಸೇದಿ ಆತು.”

“ಒಂಟಿಯಾಂವ ಅಂದ್ನವ್ವ,” ಎಂದ ಹನೀಫ್, “‘ನಮ್ಮಲ್ಲಿ ಹೆಣ ಹೂಳೋರು ಅಂದ್ರ ಕೇರಿ ಮಂದಿ, ನಾಲ್ಕೂ ಮಂದಿ ಕೇರಿ ಬಾವಿಗೇ ನಡೀರಿ, ಗುಡಿ ಹತ್ರ ಇರೋ ಊರ ಬಾವೀನ ನಿಮ್ಮೊಳಗ ಯಾರೂ ಮುಟ್ಟಬ್ಯಾಡ್ರಿ.’”