ಎರಡನೇ ಬ್ರೇಕ್

ಗೋದಾಮಿನ ಗೇಟಿನಿಂದ ಲಾರಿಯೊಂದು ಹಿಂದಕ್ಕೆ ಬಂದು ರಸ್ತೆಗೆ ಅಡ್ಡವಾದಾಗ, ಕಾರು ಓಡಿಸುತ್ತಿದ್ದ ಮಗಳ ಪಕ್ಕದ ಸೀಟಿನಲ್ಲಿದ್ದ ತಾಯಿ ಕಾಲೆತ್ತಿ ಬಲವಾಗಿ ಒತ್ತಿದಳು. ಕಾರು ನಿಂತಿತು. ಲಾರಿಗೂ ಕಾರಿನ ಕೆಂಪು ಮೂತಿಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳಿ ಹೋಗುವಷ್ಟು ಜಾಗ ಉಳಿದಿತ್ತು.

“ನೋಡಿದ್ಯಾ? ನಾನು ಬ್ರೇಕ್ ಹಿಡೀದೆ ಇದ್ದಿದ್ರೆ ಇವತ್ತು ನಿನ್ನ ಗಾಡಿ ಕಥೆ ಮುಗೀತಿತ್ತು,” ಎಂದಳು ತಾಯಿ.

ಊರಿನ ಅರ್ಧ ಜನರಿಗೆ ಡ್ರೈವಿಂಗ್ ಕಲಿಸಿದವಳು ಅವಳು. ಅವಳ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇತ್ತು. ಮಗಳು ಕಲಿತದ್ದೂ ಅದರಲ್ಲೇ. ಪ್ರತಿ ಸಲವೂ ತಾಯಿಯ ಕಾಲೇ ಮುಂದಾಗುತ್ತಿದ್ದರಿಂದ, ಕಾರು ನಿಲ್ಲಿಸಿದ್ದು ತಾನೋ ತಾಯಿಯೋ ಎಂಬುದು ಅವಳಿಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಈ ಕಾರು ಹಾಗಲ್ಲ. ಇಬ್ಬರ ಕೈ ದಾಟಿ ಬಂದ, ಎರಡೇ ಬಾಗಿಲಿನ, ನೆಲಕ್ಕೇ ಕೂತಂತೆ ತಗ್ಗಾದ ಗಾಡಿ. ತಾಯಿ ಬೇಡವೆಂದರೂ ಕೇಳದೆ ಮಗಳು ಅದನ್ನು ಕೊಂಡು ಎರಡು ದಿನವಾಗಿತ್ತು.

“ಅಮ್ಮ,” ಎಂದಳು ಮಗಳು. “ಒಂದ್ಸಲ ಕೆಳಗೆ ನೋಡು.”

ತಾಯಿ ನೋಡಿದಳು. ಚಪ್ಪಲಿಯಡಿ ಮ್ಯಾಟ್ ಮುದುರಿಕೊಂಡಿತ್ತು. ಅದನ್ನು ಕಾಲಿನಿಂದಲೇ ಸರಿಸಿದಳು. ಅಲ್ಲಿ ಬರೀ ನೆಲವಿತ್ತು.

ಲಾರಿ ದಾರಿ ಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ತಾಯಿ ಬಗ್ಗಿ ಮ್ಯಾಟನ್ನು ಕೈಯಿಂದ ನೇರ ಮಾಡಿದಳು. ಆಮೇಲೆ ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಳು.

“ಹೊರಡು ಮತ್ತೆ,” ಎಂದಳು.