ಟ್ರಂಕಿನ ಮೇಲಿನ ಹೆಸರು

“ಹಳೇ ಹೆಸರು ಒಂಚೂರೂ ಕಾಣಬಾರ್ದು ನೋಡ್ರಿ ಮೌನೇಶಣ್ಣ, ಪೂರಾ ತಿಕ್ಕಿ ತಗೀರಿ. ನಾಳೆ ನಮ್ಮ ದಾಕ್ಷಾಯಣಿ ಕಾಲೇಜ್ ಹಾಸ್ಟೆಲಿಗೆ ಹೊಂಟಾಳ. ಅಕ್ಕನ ನೆರಳು ಇಕಿ ಮ್ಯಾಲೆ ಬೀಳೂದು ಬ್ಯಾಡ.”

ದಾಕ್ಷಾಯಣಿಯ ತಾಯಿ ಹೇಳಿದ್ದು ಕೇಳಿ ಪೇಂಟರ್ ಮೌನೇಶ ಉಪ್ಪುಕಾಗದ ಕೈಗೆತ್ತಿಕೊಂಡ. ಎರಡು ವರ್ಷದ ಹಿಂದೆ ಈ ಟ್ರಂಕಿನ ಮೇಲೆ ‘ಶಶಿಕಲಾ’ ಎಂದು ಬರೆದವನೂ ಅವನೇ. ದೀಪಾವಳಿ ರಜೆಗೆ ಮೊದಲೇ ಆ ಹುಡುಗಿ ಹಾಸ್ಟೆಲಿನಲ್ಲಿ ಜ್ವರ ಬಂದು ತೀರಿಕೊಂಡಳು. ಟ್ರಂಕು ಮನೆಗೆ ವಾಪಸು ಬಂತು.

“ಹೊಸಾದು ತರಬಹುದಿತ್ತಲ್ರೀ ಅಕ್ಕಾರ?”

“ಕೊಡಸ್ತೀನಿ ಅಂದೆ. ನನಗ ಅಕ್ಕಂದ ಬೇಕು ಅಂತ ಕುಂತಾಳ, ಹಠಮಾರಿ!”

ದಾಕ್ಷಾಯಣಿ ತಲೆ ತಗ್ಗಿಸಿ ನಕ್ಕಳು.

ತಗಡು ಬೆಳ್ಳಗಾಗುವ ತನಕ ಮೌನೇಶ ಉಜ್ಜಿದ. ತಾಯಿ ಸೆರಗಿನಿಂದ ಧೂಳು ಒರೆಸಿ, ಬಗ್ಗಿ ಬಗ್ಗಿ ನೋಡಿದಳು. ಒಂದಕ್ಷರವೂ ಉಳಿದಿರಲಿಲ್ಲ.

“ಈಗ ಹೇಳ್ರಿ, ಏನಂತ ಬರೀಲಿ?”

“ಶಶಿಕಲಾ ಅಂತ. ದೊಡ್ಡದಾಗಿ ಬರೀರಿ ಮತ್ತ, ಹಾಸ್ಟೆಲ್‌ನ್ಯಾಗ ಅದಲು ಬದಲು ಆಗಬಾರ್ದು.”

ಮೌನೇಶನ ಕುಂಚ ಡಬ್ಬಿಯ ಮೇಲೆಯೇ ನಿಂತಿತು. ಅವನು ಹುಡುಗಿಯ ಮುಖ ನೋಡಿದ. ದಾಕ್ಷಾಯಣಿ, ಬರೆಯುವಾಗ ಅಲುಗಾಡದಿರಲೆಂದು ಟ್ರಂಕನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.